ರೌಟರ್‌ನಲ್ಲಿ ಡಿಎಚ್‌ಸಿಪಿ: ಐಪಿ ವಿಳಾಸ ತಾನಾಗಿ ಹಂಚಿಕೆಯಾಗುವಂತೆ ಮಾಡುವುದು

ನೆಟ್‌ವರ್ಕ್‌ಗೆ ಸೇರುವ ಸಾಧನಗಳಿಗೆ ಐಪಿ ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ. ಅದನ್ನು ಚಾಲೂ ಮಾಡುವುದು ಒಂದು ಟಿಕ್ ಹಾಕುವಷ್ಟೇ ಕೆಲಸ. ಮನೆಬಳಕೆಯ ರೌಟರ್‌ಗಳಲ್ಲಂತೂ ಡಬ್ಬಿ ಬಿಚ್ಚುವಾಗಲೇ ಅದು ಚಾಲೂ ಇರುತ್ತದೆ. ತೊಂದರೆ ಶುರುವಾಗುವುದು ಕೆಲವು ವಾರಗಳ ನಂತರ. ನಿನ್ನೆ ಸಿಕ್ಕ ಪ್ರಿಂಟರ್ ಇವತ್ತು ಸಿಗುವುದಿಲ್ಲ. ಫೋನ್ ವೈಫೈಗೆ ಸೇರುತ್ತದೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ. ಎರಡು ಕಂಪ್ಯೂಟರ್‌ಗಳು ಒಂದೇ ಐಪಿಗಾಗಿ ಜಗಳಕ್ಕೆ ಬೀಳುತ್ತವೆ. ಇಂಥ ದೂರುಗಳ ಬೆನ್ನು ಹತ್ತಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಸಿಗುತ್ತದೆ: ಹಂಚಲು ಇಟ್ಟ ವಿಳಾಸಗಳ ನಡುವೆ ಯಾರೋ ಒಂದು ಸ್ಟ್ಯಾಟಿಕ್ ಐಪಿ (ಕೈಯಿಂದ ಬರೆದ, ಬದಲಾಗದ ವಿಳಾಸ) ತೂರಿಸಿರುತ್ತಾರೆ, ಇಲ್ಲವೇ ಒಂದೇ ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚುವ ಪೆಟ್ಟಿಗೆಗಳು ಎರಡಿರುತ್ತವೆ. ಹಾಗಾಗಿ ರೌಟರ್‌ನ ಪುಟ ತೆರೆಯುವ ಮೊದಲು ಒಂದು ಹಾಳೆ, ಒಂದು ಪೆನ್ನು ಬೇಕು.

ಒಳಗೆ ನಡೆಯುವುದೇನು

ಕೇಬಲ್ ಚುಚ್ಚಿದ ಕ್ಷಣದಲ್ಲಿ ಸಾಧನಕ್ಕೆ ತನ್ನ ವಿಳಾಸವೂ ತಿಳಿಯದು, ವಿಳಾಸ ಹಂಚುವ ಸರ್ವರ್ ಎಲ್ಲಿದೆ ಎಂಬುದೂ ತಿಳಿಯದು. ಅದು 0.0.0.0 ಎಂಬ ಖಾಲಿ ವಿಳಾಸದಿಂದ 255.255.255.255ಕ್ಕೆ, ಅಂದರೆ ಆ ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ಕೇಳುವಂತೆ, ಕೂಗು ಹಾಕುತ್ತದೆ. ಈ ಕೂಗಿಗೆ ಡಿಸ್ಕವರ್ ಎನ್ನುತ್ತಾರೆ. ಸರ್ವರ್ ಒಂದು ವಿಳಾಸ ಮುಂದಿಡುತ್ತದೆ, ಅದು ಆಫರ್. ಸಾಧನ ಅದನ್ನೇ ಕೊಡು ಎನ್ನುತ್ತದೆ, ಅದು ರಿಕ್ವೆಸ್ಟ್. ಸರ್ವರ್ ಒಪ್ಪಿ ಆಕ್ ಕಳಿಸಿದ ಮೇಲೆಯೇ ವಿಳಾಸ ಕೈಸೇರಿದಂತೆ. ಸರ್ವರ್ ಕಿವಿಗೊಡುವುದು ಯುಡಿಪಿ 67ನೇ ಪೋರ್ಟ್‌ನಲ್ಲಿ, ಸಾಧನ ಕಿವಿಗೊಡುವುದು 68ರಲ್ಲಿ. ಇಂದಿಗೂ ನಡೆಯುತ್ತಿರುವ ಈ ವ್ಯವಹಾರದ ನಿಯಮಗಳು 1997ರ ಆರ್‌ಎಫ್‌ಸಿ 2131 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಇವೆ.

ಇದರಿಂದ ಎರಡು ಸಂಗತಿ ನೆನಪಿಡಬೇಕು. ಮೊದಲನೆಯದು, ಈ ಕೂಗು ರೌಟರ್ ದಾಟಿ ಆಚೆ ಹೋಗುವುದಿಲ್ಲ. ಎರಡನೆಯದು, ಕೂಗಿಗೆ ಯಾರು ಬೇಕಾದರೂ ಓಗೊಡಬಹುದು. ಸಾಮಾನ್ಯವಾಗಿ ಮೊದಲು ಮುಟ್ಟಿದ ಉತ್ತರವನ್ನೇ ಸಾಧನ ನಂಬುತ್ತದೆ. ಉತ್ತರ ಕೊಟ್ಟವರು ಅಸಲಿಯೇ ಎಂದು ಪರೀಕ್ಷಿಸುವ ವ್ಯವಸ್ಥೆ ಸಾಧನದ ಬಳಿ ಇಲ್ಲ.

ಮೊದಲು ಹಾಳೆಯ ಮೇಲೆ

ಖಾಸಗಿ ಬಳಕೆಗೆಂದು ಮೀಸಲಾದ ವಿಳಾಸಗಳು ಮೂರು ಗುಂಪಿನಲ್ಲಿವೆ: 10.0.0.0ಯಿಂದ 10.255.255.255, 172.16.0.0ಯಿಂದ 172.31.255.255, 192.168.0.0ಯಿಂದ 192.168.255.255. ಸಣ್ಣ ನೆಟ್‌ವರ್ಕ್‌ಗೆ 192.168.x.0 ಮಾದರಿಯ ಒಂದು /24, ಅಂದರೆ ಕೊನೆಯ ಅಂಕಿ ಮಾತ್ರ ಬದಲಾಗುವ ಗುಂಪು, ಸಾಕು. ನೆಟ್‌ವರ್ಕ್‌ನ ಗಡಿ ಹೇಳುವ ಅದರ ಮಾಸ್ಕ್ 255.255.255.0. 256 ಅಂಕಿಗಳಲ್ಲಿ 0 ನೆಟ್‌ವರ್ಕ್‌ನ ಹೆಸರಿಗೆ, 255 ಬ್ರಾಡ್‌ಕಾಸ್ಟ್‌ಗೆ (ಎಲ್ಲರಿಗೂ ಕೂಗಲು) ಹೋಗಿ 254 ವಿಳಾಸ ಉಳಿಯುತ್ತವೆ.

192.168.0.x ಮತ್ತು 192.168.1.x ಬಿಟ್ಟು ಬೇರೆ ಆರಿಸಿಕೊಳ್ಳುವುದು ಜಾಣತನ. ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್ ಕೂಡ ಬಹಳ ಸಲ ಇದೇ ಸಾಲುಗಳನ್ನು ಬಳಸುತ್ತದೆ. ನಿಮ್ಮ ರೌಟರ್‌ನ ವ್ಯಾನ್ (ಇಂಟರ್ನೆಟ್) ಬದಿಗೂ ಲ್ಯಾನ್ (ಒಳಗಿನ ನೆಟ್‌ವರ್ಕ್) ಬದಿಗೂ 192.168.1.x ಬಂದರೆ ಪ್ಯಾಕೆಟ್ ಯಾವ ಕಡೆ ಕಳಿಸಬೇಕೆಂದು ರೌಟರ್‌ಗೇ ತಿಳಿಯುವುದಿಲ್ಲ. ಹೊರಗಿನಿಂದ ವಿಪಿಎನ್ ಹಾಕಿಕೊಳ್ಳುವವರಿಗೂ ಇದೇ ಪಾಡು. ಇಲ್ಲಿ ಉದಾಹರಣೆಗೆ 192.168.40.x ಹಿಡಿಯೋಣ.

ಹಾಳೆಯ ಮೇಲೆ 254 ವಿಳಾಸಗಳನ್ನು ಹೀಗೆ ಭಾಗ ಮಾಡಿ. 192.168.40.1 ರೌಟರ್‌ಗೆ. 2ರಿಂದ 19 ಸ್ವಿಚ್, ವೈಫೈ ಹರಡುವ ಆಕ್ಸೆಸ್ ಪಾಯಿಂಟ್‌ಗಳಿಗೆ. 20ರಿಂದ 99 ಪ್ರಿಂಟರ್, ಕ್ಯಾಮೆರಾ, ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಎನ್‌ಎಎಸ್ ಪೆಟ್ಟಿಗೆಗಳಂಥ, ವಿಳಾಸ ಬದಲಾಗಬಾರದ ವಸ್ತುಗಳಿಗೆ. 100ರಿಂದ 239 ಹಂಚುವ ಪೂಲ್, ಒಟ್ಟು 140 ವಿಳಾಸ. 240ರಿಂದ ಮೇಲೆ ಖಾಲಿ ಬಿಡಿ, ಪರೀಕ್ಷೆಗೆ ಎಂದಾದರೂ ಬೇಕಾಗುತ್ತದೆ. ಅಂಕಿಗಳು ನಿಮ್ಮಿಷ್ಟ. ಆದರೆ ಕೈಯಿಂದ ಬರೆಯುವ ಯಾವ ವಿಳಾಸವೂ ಪೂಲ್‌ನೊಳಗೆ ಬರಕೂಡದು. ಅಲ್ಲಿ ಸಡಿಲ ಬಿಟ್ಟರೆ ಆಮೇಲೆ ಹುಡುಕಾಟ ತಪ್ಪಿದ್ದಲ್ಲ.

ಸೆಟ್ಟಿಂಗ್ ಮಾಡುವುದು

ಈ ಕೆಲಸವನ್ನು ವೈಫೈ ಮೇಲೆ ಮಾಡಬೇಡಿ, ಕೇಬಲ್ ಹಾಕಿ ಮಾಡಿ. ನಡುವೆ ವಿಳಾಸ ಬದಲಾದಾಗ ವೈಫೈ ಕಡಿದುಹೋದರೆ ಎಡವಿದ್ದು ಎಲ್ಲಿ ಎಂದು ತಿಳಿಯುವುದೇ ಕಷ್ಟ. ಬ್ರೌಸರ್‌ನಲ್ಲಿ ರೌಟರ್‌ನ ಈಗಿನ ವಿಳಾಸ ಹೊಡೆದು ಒಳಹೋಗಿ. ಆ ವಿಳಾಸ ಗೊತ್ತಿಲ್ಲದಿದ್ದರೆ ಕಂಪ್ಯೂಟರ್‌ನ ನೆಟ್‌ವರ್ಕ್ ವಿವರದಲ್ಲಿ ಡಿಫಾಲ್ಟ್ ಗೇಟ್‌ವೇ ಎಂದು ಇರುವ ಅಂಕಿಯೇ ಅದು. ಈಗಿನ ಸೆಟ್ಟಿಂಗ್‌ನ ಬ್ಯಾಕಪ್ ಫೈಲ್ ಇಳಿಸಿಕೊಂಡು ಮುಂದುವರಿಯಿರಿ.

ಮೊದಲು ಬದಲಿಸಬೇಕಾದ್ದು ಲ್ಯಾನ್ ಐಪಿ, ಪೂಲ್ ಅಲ್ಲ. ಲ್ಯಾನ್ ಅಥವಾ ನೆಟ್‌ವರ್ಕ್ ಎಂಬ ಮೆನುವಿನಲ್ಲಿ ರೌಟರ್‌ನ ವಿಳಾಸವನ್ನು 192.168.40.1, ಮಾಸ್ಕ್ 255.255.255.0 ಮಾಡಿ ಸೇವ್ ಒತ್ತಿ. ಪುಟ ಅಲ್ಲೇ ಸುತ್ತುತ್ತ ನಿಲ್ಲುತ್ತದೆ. ಕೆಟ್ಟಿಲ್ಲ, ಹೆದರಬೇಡಿ. ನಿಮ್ಮ ಕಂಪ್ಯೂಟರ್ ಇನ್ನೂ ಹಳೆಯ ಸಾಲಿನಲ್ಲಿದೆ, ಅಷ್ಟೆ. ಕೇಬಲ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ, ಹೊಸ ವಿಳಾಸದಲ್ಲಿ ಪುಟ ತೆರೆಯಿರಿ. ಕೆಲವು ರೌಟರ್‌ಗಳು ಲ್ಯಾನ್ ಐಪಿ ಬದಲಾದೊಡನೆ ಪೂಲ್ ಅನ್ನೂ ತಾವೇ ಹೊಂದಿಸುತ್ತವೆ, ಕೆಲವು ಹಳೆಯದನ್ನೇ ಹಿಡಿದು ಕೂರುತ್ತವೆ. ಹಾಗೆ ಕೂತ ರೌಟರ್‌ಗೆ ತಲುಪಲು ಒಮ್ಮೆ ಕಂಪ್ಯೂಟರ್‌ಗೆ ಕೈಯಿಂದಲೇ 192.168.40.250 ಎಂದು ಕೊಡಬೇಕಾದೀತು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬಾರದು.

ಈಗ ಡಿಎಚ್‌ಸಿಪಿ ಸರ್ವರ್ ಪುಟ. ಶುರುವಿನ ವಿಳಾಸ 192.168.40.100, ಕೊನೆಯ ವಿಳಾಸ 192.168.40.239. ಓಪನ್‌ಡಬ್ಲ್ಯೂಆರ್‌ಟಿ ಎಂಬ ರೌಟರ್ ತಂತ್ರಾಂಶದಲ್ಲಿ ಒಂದು ಎಡವುಗಲ್ಲು ಇದೆ: ಅಲ್ಲಿ ಲಿಮಿಟ್ ಎಂದರೆ ಕೊನೆಯ ಅಂಕಿ ಅಲ್ಲ, ಒಟ್ಟು ಎಷ್ಟು ವಿಳಾಸ ಎಂಬುದು. ಅದರ ಮೂಲ ಸೆಟ್ಟಿಂಗ್ ಸ್ಟಾರ್ಟ್ 100, ಲಿಮಿಟ್ 150; ಅಂದರೆ 100ರಿಂದ 249ರ ತನಕ ಹಂಚುತ್ತದೆ, 150ಕ್ಕೆ ನಿಲ್ಲುವುದಿಲ್ಲ. 160 ಖಾಲಿ ಎಂದುಕೊಂಡು ಪ್ರಿಂಟರ್‌ಗೆ ಕೊಟ್ಟರೆ ಜಗಳ ಕಟ್ಟಿಟ್ಟದ್ದು. ನಮ್ಮ ಲೆಕ್ಕಕ್ಕೆ ಅಲ್ಲಿ ಲಿಮಿಟ್ 140 ಎಂದು ಬರೆಯಬೇಕು.

ಸಿಸ್ಕೋ ರೌಟರ್‌ನ ಕಮ್ಯಾಂಡ್‌ಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಪೂಲ್‌ಗೆ ಇಡೀ ನೆಟ್‌ವರ್ಕ್ ಬರೆಯುತ್ತಾರೆ, ಕೊಡಬಾರದ್ದನ್ನು ಎಕ್ಸ್‌ಕ್ಲೂಡೆಡ್ ಅಡ್ರೆಸ್ ಎಂದು ಪ್ರತ್ಯೇಕವಾಗಿ, ಪೂಲ್‌ನ ಹೊರಗೆ, ಹೇಳಬೇಕು. 1ರಿಂದ 99 ಒಂದು ಸಾಲು, 240ರಿಂದ 254 ಇನ್ನೊಂದು ಸಾಲು. ಪೂಲ್ ಬರೆಯುವ ಮೊದಲೇ ಈ ಎರಡು ಸಾಲು ಬರೆಯಿರಿ. ಇಲ್ಲವಾದರೆ ಪೂಲ್ ಹುಟ್ಟಿದ ಮರುಕ್ಷಣವೇ ಹಂಚಿಕೆ ಶುರುವಾಗಿ ಕೆಳಗಿನ ವಿಳಾಸಗಳು ಯಾರ್ಯಾರದೋ ಪಾಲಾಗುತ್ತವೆ. ಮೈಕ್ರೋಟಿಕ್ ರೌಟರ್‌ನಲ್ಲಿ ಸರ್ವರ್ ಅನ್ನು ಬ್ರಿಡ್ಜ್ (ಹಲವು ಪೋರ್ಟ್‌ಗಳನ್ನು ಒಂದಾಗಿ ಕಟ್ಟಿದ ಗುಂಪು) ಮೇಲೆ ಕೂರಿಸಿ. ಬ್ರಿಡ್ಜ್‌ಗೆ ಸೇರಿದ ಪೋರ್ಟ್ ಮೇಲೆ ನೇರ ಕೂರಿಸಿದರೆ ಅದು ಕೆಂಪು ಬಣ್ಣ ತೋರಿಸುತ್ತದೆ, ಕೆಲಸ ಮಾಡುವುದಿಲ್ಲ.

ವಿಳಾಸದ ಜೊತೆ ಇನ್ನೂ ಕೆಲವು ಸಂಗತಿ ಹೋಗಬೇಕು; ಒಂದೊಂದಕ್ಕೂ ಆಪ್ಷನ್ ಎಂಬ ಸಂಖ್ಯೆ ಇದೆ. ಸಬ್‌ನೆಟ್ ಮಾಸ್ಕ್ ಆಪ್ಷನ್ 1, ಗೇಟ್‌ವೇ ಆಪ್ಷನ್ 3, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಆಪ್ಷನ್ 6, ಲೀಸ್ (ವಿಳಾಸದ ಬಾಡಿಗೆ) ಅವಧಿ ಆಪ್ಷನ್ 51. ಮನೆಯ ರೌಟರ್ ಮೊದಲ ಮೂರನ್ನೂ ತಾನೇ ತುಂಬಿಕೊಳ್ಳುತ್ತದೆ. ಖಾಲಿ ಬಿಟ್ಟರೆ ಗೇಟ್‌ವೇ, ಡಿಎನ್‌ಎಸ್ ಎರಡಕ್ಕೂ ತನ್ನ ವಿಳಾಸವನ್ನೇ ಹಾಕುವುದು ಮಾಮೂಲು. ದೊಡ್ಡ ಸಾಧನಗಳಲ್ಲಿ ನೀವೇ ಬರೆಯಬೇಕು. ಗೇಟ್‌ವೇ ಬಿಟ್ಟುಹೋದರೆ ಒಳಗಿನ ಪ್ರಿಂಟರ್ ಸಿಗುತ್ತದೆ, ಹೊರಗಿನ ಲೋಕ ಸಿಗುವುದಿಲ್ಲ. ಡಿಎನ್‌ಎಸ್ ಬಿಟ್ಟುಹೋದರೆ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಐಪಿ ಫೋನ್‌ಗಳು ಇದ್ದರೆ ಅವು ತಮ್ಮ ಸೆಟ್ಟಿಂಗ್ ಫೈಲ್ ಎಲ್ಲಿದೆ ಎಂಬುದನ್ನು ಬಹಳ ಸಲ ಆಪ್ಷನ್ 66ರಿಂದ ತಿಳಿಯುತ್ತವೆ.

ಲೀಸ್ ಎಷ್ಟು ಹೊತ್ತು?

ಹೆಚ್ಚಿನವರು ಕಣ್ಣೆತ್ತಿಯೂ ನೋಡದ ಖಾನೆ ಇದು. ಡಿಎಚ್‌ಸಿಪಿ ವಿಳಾಸವನ್ನು ದಾನ ಕೊಡುವುದಿಲ್ಲ, ಬಾಡಿಗೆಗೆ ಕೊಡುತ್ತದೆ. ಅವಧಿಯ ಅರ್ಧ ಕಳೆದಾಗ ಸಾಧನ ಅದೇ ಸರ್ವರ್‌ನ ಬಳಿ ಹೋಗಿ ನವೀಕರಿಸು ಎನ್ನುತ್ತದೆ. ಉತ್ತರ ಬಾರದಿದ್ದರೆ ಅವಧಿಯ ಶೇ. 87.5ರ ಹೊತ್ತಿಗೆ ಯಾವ ಸರ್ವರ್ ಆದರೂ ಸರಿ ಎಂದು ಮತ್ತೆ ಎಲ್ಲರಿಗೂ ಕೂಗುತ್ತದೆ. ಪೂರ್ತಿ ಮುಗಿದರೆ ವಿಳಾಸ ಬಿಟ್ಟುಕೊಡಲೇಬೇಕು. 24 ಗಂಟೆಯ ಲೀಸ್ ಇದ್ದರೆ 12ನೇ ಗಂಟೆಗೆ ಮೊದಲ ಪ್ರಯತ್ನ, 21ನೇ ಗಂಟೆಗೆ ಎರಡನೆಯದು. ಸರ್ವರ್ ಅರ್ಧ ದಿನ ಮಲಗಿದರೂ ಯಾರಿಗೂ ಗೊತ್ತಾಗದಿರುವುದು ಇದರಿಂದಲೇ.

ದಿನವೂ ಅದೇ ಸಾಧನಗಳು ಬರುವ ಕಡೆ 24 ಗಂಟೆ ಒಳ್ಳೆಯ ಅಂಕಿ. ಜನ ಬಂದುಹೋಗುವ ಅತಿಥಿ ವೈಫೈಗೆ ಅದು ವಿಷ. ಒಂದು ಹೊತ್ತಿನಲ್ಲಿ 40 ಜನ ಮಾತ್ರ ಇರುವ, ಆದರೆ ದಿನವಿಡೀ 200 ಫೋನ್‌ಗಳು ಬಂದುಹೋಗುವ ಜಾಗವನ್ನು ಊಹಿಸಿಕೊಳ್ಳಿ. ಫೋನ್‌ಗಳು ಹೋಗುವಾಗ ಹೇಳಿ ಹೋಗುವುದಿಲ್ಲ. ವ್ಯಾಪ್ತಿಯಿಂದ ಆಚೆ ನಡೆದುಬಿಡುತ್ತವೆ. 24 ಗಂಟೆ ಲೀಸ್ ಕೊಟ್ಟರೆ 140ರ ಪೂಲ್ ಸಂಜೆಗೆ ಮೊದಲೇ ಬರಿದು, 141ನೆಯವರಿಗೆ ಎದುರಿಗೆ ಜಾಗ ಖಾಲಿ ಕಂಡರೂ ವಿಳಾಸ ಸಿಗುವುದಿಲ್ಲ. ಅಲ್ಲಿ ಒಂದು ಗಂಟೆ ಇಟ್ಟರೆ ಅದೇ ಪೂಲ್ ಧಾರಾಳ. ಹಾಗೆಂದು ಎರಡು ನಿಮಿಷಕ್ಕೆ ಇಳಿಸಬೇಡಿ: ರೌಟರ್ ಒಮ್ಮೆ ರೀಬೂಟ್ ಆಗುವಷ್ಟರಲ್ಲಿ ಎಲ್ಲರ ವಿಳಾಸವೂ ಜಾರಿಹೋಗುತ್ತದೆ.

ಕೆಲವು ಸಾಧನಗಳು ಲೀಸ್ ಅನ್ನು ನಿಮಿಷದಲ್ಲಿ ಕೇಳುತ್ತವೆ, ಕೆಲವು ಸೆಕೆಂಡಿನಲ್ಲಿ. 24 ಗಂಟೆ ಎಂದರೆ 1440 ನಿಮಿಷ, 86400 ಸೆಕೆಂಡ್. ಸೆಕೆಂಡಿನ ಖಾನೆಯಲ್ಲಿ 1440 ಬರೆದರೆ ಅದು 24 ನಿಮಿಷ.

ಚಾಲೂ ಇರುವ ನೆಟ್‌ವರ್ಕ್‌ನ ಸಾಲನ್ನೇ ಬದಲಿಸುವುದಿದ್ದರೆ ಒಂದು ದಿನ ಮೊದಲೇ ಲೀಸ್ ಅನ್ನು 10 ನಿಮಿಷಕ್ಕೆ ಇಳಿಸಿ ಸುಮ್ಮನಿರಿ. ಮರುದಿನದ ಹೊತ್ತಿಗೆ ಎಲ್ಲ ಸಾಧನಗಳೂ ಗಿಡ್ಡ ಲೀಸ್‌ನಲ್ಲಿರುತ್ತವೆ. ಆಗ ಸಾಲು ಬದಲಿಸಿದರೆ 10 ನಿಮಿಷದಲ್ಲಿ ಎಲ್ಲವೂ ಹೊಸ ವಿಳಾಸಕ್ಕೆ ಬರುತ್ತವೆ. ಕೆಲಸವಾದ ಮೇಲೆ ಲೀಸ್ ಮತ್ತೆ ಏರಿಸಿ. ಈ ಮುಂಜಾಗ್ರತೆ ಇಲ್ಲದಿದ್ದರೆ ಒಂದೊಂದು ಸಾಧನವನ್ನೂ ಹುಡುಕಿಕೊಂಡು ಹೋಗಿ ಆಫ್ ಆನ್ ಮಾಡುವುದೇ ಗತಿ.

ರಿಸರ್ವೇಷನ್

ಪ್ರಿಂಟರ್‌ಗೆ ಸ್ಥಿರ ವಿಳಾಸ ಬೇಕಾದರೆ ಪ್ರಿಂಟರ್‌ನ ಒಳಗೆ ಹೋಗಿ ಬರೆಯುವುದಕ್ಕಿಂತ ರೌಟರ್‌ನಲ್ಲಿ ರಿಸರ್ವೇಷನ್ ಮಾಡುವುದು ಮೇಲು. ಪ್ರಿಂಟರ್ ಆಟೋ ಅಥವಾ ಡಿಎಚ್‌ಸಿಪಿಯಲ್ಲೇ ಇರಲಿ. ಅದರ ಮ್ಯಾಕ್ ವಿಳಾಸಕ್ಕೆ (ತಯಾರಕರು ಸಾಧನಕ್ಕೆ ಕೊಟ್ಟ ಗುರುತು ಸಂಖ್ಯೆಗೆ) ಇಂಥದೇ ಐಪಿ ಎಂದು ರೌಟರ್‌ಗೆ ಹೇಳಿಬಿಡಿ. ನಾಳೆ ಗೇಟ್‌ವೇ ಬದಲಾದರೆ ಒಂದೇ ಕಡೆ ತಿದ್ದಿದರೆ ಮುಗಿಯಿತು. ಈಗ ಸಂಪರ್ಕದಲ್ಲಿರುವವರ ಪಟ್ಟಿಯಿಂದಲೇ ಸಾಧನ ಆರಿಸಿ ರಿಸರ್ವ್ ಒತ್ತುವುದು ಸುರಕ್ಷಿತ, ಮ್ಯಾಕ್ ಹೊಡೆಯುವಾಗಿನ ತಪ್ಪು ತಪ್ಪುತ್ತದೆ.

ರಿಸರ್ವ್ ಮಾಡಿದ ಐಪಿ ಪೂಲ್‌ನ ಒಳಗಿರಬೇಕೋ ಹೊರಗಿರಬೇಕೋ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆ. ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಬಳಸುವ ರೌಟರ್‌ಗಳು ಅದೇ ಸಬ್‌ನೆಟ್ ಆಗಿದ್ದರೆ ಹೊರಗಿನದನ್ನೂ ಒಪ್ಪುತ್ತವೆ. ಕೆಲವು ರೌಟರ್‌ಗಳು ಪೂಲ್‌ನ ಒಳಗಿನದನ್ನೇ ಕೇಳುತ್ತವೆ. ಒಪ್ಪದಿದ್ದರೆ ಎರರ್ ಬರುತ್ತದೆ, ಆಗ ಪೂಲ್‌ನ ಒಂದು ತುದಿಯ ಹತ್ತು ವಿಳಾಸಗಳನ್ನು ಇದಕ್ಕೆಂದೇ ಬಿಟ್ಟುಕೊಳ್ಳಿ.

ಫೋನ್‌ಗಳ ರಿಸರ್ವೇಷನ್ ಕೈಕೊಡುವುದಕ್ಕೆ ಬೇರೆಯದೇ ಕಾರಣ. ಆಂಡ್ರಾಯ್ಡ್ 10ರಿಂದ, ಐಒಎಸ್ 14ರಿಂದ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ತೋರಿಸದೆ ಹುಸಿ ಮ್ಯಾಕ್ ಹುಟ್ಟಿಸಿಕೊಳ್ಳುವುದೇ ರೂಢಿ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥದ್ದು ಎಂದು ಗುರುತು. ಆ ಒಂದು ವೈಫೈಗೆ ಮಾತ್ರ ಪ್ರೈವೇಟ್ ಅಡ್ರೆಸ್ ಆಫ್ ಮಾಡಿದರೆ ರಿಸರ್ವೇಷನ್ ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್‌ಗೂ ವೈಫೈಗೂ ಬೇರೆ ಬೇರೆ ಮ್ಯಾಕ್ ಇರುವುದನ್ನೂ ಮರೆಯಬಾರದು. ವರ್ಚುವಲ್ ಮೆಷಿನ್‌ಗಳದ್ದು ಇದಕ್ಕೆ ಉಲ್ಟಾ: ಉಬುಂಟು ಮೆಷಿನ್ ಒಂದನ್ನು ಹಾಗೇ ನಕಲು ಮಾಡಿದಾಗ ಮ್ಯಾಕ್ ಬೇರೆಯಾದರೂ ಒಳಗಿನ ಮೆಷಿನ್ ಐಡಿ ಅದೇ ಉಳಿಯುತ್ತದೆ. ಸರ್ವರ್‌ಗೆ ಅದು ತನ್ನ ಗುರುತೆಂದು ಕಳಿಸುವುದು ಆ ಐಡಿಯಿಂದ ಮಾಡಿದ್ದನ್ನು. ಹೀಗಾಗಿ ಎರಡಕ್ಕೂ ಒಂದೇ ಐಪಿ ಸಿಕ್ಕಿ ತಲೆಕೆಡುತ್ತದೆ.

ಪಡೆಯುವ ಬದಿ, ಪರೀಕ್ಷೆ

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಒಳಗೆ ಐಪಿ ಅಸೈನ್‌ಮೆಂಟ್ ಎಂಬುದು ಆಟೋಮ್ಯಾಟಿಕ್ ಇರಲಿ. ಡಿಎನ್‌ಎಸ್‌ನದು ಪ್ರತ್ಯೇಕ ಖಾನೆ, ಅಲ್ಲಿ ಹಿಂದೆ ಯಾರೋ ಬರೆದ ವಿಳಾಸ ಹಾಗೇ ಉಳಿದಿರಬಹುದು. ಅದನ್ನೂ ಆಟೋಮ್ಯಾಟಿಕ್ ಮಾಡಿ. ಆಮೇಲೆ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕಮ್ಯಾಂಡ್ ಅನ್ನು ರಿಲೀಸ್ ಎಂದೂ ಆಮೇಲೆ ರಿನ್ಯೂ ಎಂದೂ ಓಡಿಸಿ, ಕೊನೆಗೆ ಆಲ್ ಹಾಕಿ ನೋಡಿ. ಐಪಿ ನಿಮ್ಮ ಪೂಲ್‌ನೊಳಗಿದೆಯೇ, ಗೇಟ್‌ವೇ 192.168.40.1 ಇದೆಯೇ, ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲಿಯೂ ಅದೇ ಇದೆಯೇ? ಆ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ, ಅತಿ ಉಪಯೋಗದ ಸಾಲು ಅದೇ.

ಐಪಿ 169.254ರಿಂದ ಶುರುವಾಗಿದ್ದರೆ ಸರ್ವರ್ ಕೊಟ್ಟದ್ದಲ್ಲ; ಕೂಗಿ ಕೂಗಿ ಸಾಕಾಗಿ ಸಾಧನ ತಾನೇ ಹಚ್ಚಿಕೊಂಡದ್ದು. ಕೇಬಲ್, ಪೋರ್ಟ್, ವೈಫೈ ಪಾಸ್‌ವರ್ಡ್, ಪೂಲ್ ಖಾಲಿಯಾಗಿದೆಯೇ ಎಂಬ ಕ್ರಮದಲ್ಲಿ ನೋಡಿ. ಮ್ಯಾನೇಜ್ಡ್ ಸ್ವಿಚ್‌ನ (ಸೆಟ್ಟಿಂಗ್ ಮಾಡಬಹುದಾದ ಸ್ವಿಚ್‌ನ) ಹಿಂದೆ ಕಂಪ್ಯೂಟರ್ ಹಚ್ಚಿದ ಕೂಡಲೇ ವಿಳಾಸ ಸಿಗದೆ, ಅರ್ಧ ನಿಮಿಷದ ನಂತರ ಕೈಯಿಂದ ರಿನ್ಯೂ ಮಾಡಿದರೆ ಸಿಗುತ್ತದೆಯೇ? ಅದು ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀಯ ಕೆಲಸ. ಹಳೆಯ ಕ್ರಮದಲ್ಲಿ ಪೋರ್ಟ್ ತೆರೆದುಕೊಳ್ಳಲು 15 ಮತ್ತು 15, ಒಟ್ಟು 30 ಸೆಕೆಂಡ್ ಬೇಕು. ಅಷ್ಟರಲ್ಲಿ ಸಾಧನ ಕೂಗಿ ಸುಮ್ಮನಾಗಿರುತ್ತದೆ. ಕಂಪ್ಯೂಟರ್, ಪ್ರಿಂಟರ್ ಇರುವ ಪೋರ್ಟ್‌ಗಳಿಗೆ ಮಾತ್ರ ಕಾಯದೆ ತೆರೆದುಕೊಳ್ಳುವ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಹಾಕಿ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಹಾಕಿದರೆ ಲೂಪ್ ಆಗಿ ನೆಟ್‌ವರ್ಕ್ ಪೂರ್ತಿ ಮಲಗಬಹುದು.

ಒಂದು ಒರೆಯಲ್ಲಿ ಎರಡು ಕತ್ತಿ

ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿ ಗೊತ್ತಿಲ್ಲದ ವಿಳಾಸ ಕಂಡರೆ ಇನ್ನೊಂದು ಪೆಟ್ಟಿಗೆ ಹಂಚುತ್ತಿದೆ ಎಂದು ಅರ್ಥ. ಸಾಮಾನ್ಯವಾಗಿ ಅದು ವೈಫೈ ಹೆಚ್ಚಿಸಲು ಯಾರೋ ತಂದು ಚುಚ್ಚಿದ ಹಳೆಯ ರೌಟರ್. ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿದ್ದಾರೆ, ಅದರ ಡಿಎಚ್‌ಸಿಪಿ ಆಫ್ ಮಾಡಿಲ್ಲ. ಕೆಲವರಿಗೆ ಸರಿಯಾದ ವಿಳಾಸ, ಕೆಲವರಿಗೆ ಆ ಪೆಟ್ಟಿಗೆಯ ವಿಳಾಸ. ಎರಡನೆಯವರಿಗೆ ಗೇಟ್‌ವೇ ಎಂದು ಸಿಗುವುದು ಇಂಟರ್ನೆಟ್ಟೇ ಇಲ್ಲದ ಆ ಹಳೆಯ ರೌಟರ್. ಯಾರು ಮೊದಲು ಓಗೊಟ್ಟರು ಎಂಬುದರ ಮೇಲೆ ದಿನಕ್ಕೊಬ್ಬರ ಸರದಿ, ಹಾಗಾಗಿ ದೂರು ಒಂದೇ ಕಡೆ ನಿಲ್ಲುವುದಿಲ್ಲ.

ಹುಡುಕುವ ದಾರಿ: ಆ ವಿಳಾಸಕ್ಕೆ ಪಿಂಗ್ ಮಾಡಿ, ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ಯಾವ ಮ್ಯಾಕ್‌ನದು ಎಂಬ ಪಟ್ಟಿಯಲ್ಲಿ) ಅದರ ಮ್ಯಾಕ್ ನೋಡಿ. ಮ್ಯಾಕ್‌ನ ಮೊದಲ ಮೂರು ಜೋಡಿ ತಯಾರಕರನ್ನು ಹೇಳುತ್ತವೆ. ಸ್ವಿಚ್‌ನ ಮ್ಯಾಕ್ ಟೇಬಲ್ ಅದು ಯಾವ ಪೋರ್ಟ್‌ನಲ್ಲಿದೆ ಎಂಬುದನ್ನು ಹೇಳುತ್ತದೆ. ಆ ಹಳೆಯ ರೌಟರ್ ಅನ್ನು ಉಳಿಸಿಕೊಳ್ಳಬೇಕೆಂದರೆ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದಕ್ಕೆ 192.168.40.2 ಕೊಟ್ಟು, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ ಅನ್ನು ಲ್ಯಾನ್ ಪೋರ್ಟ್‌ಗೆ ಹಾಕಿ, ವ್ಯಾನ್ ಪೋರ್ಟ್ ಖಾಲಿ ಬಿಡಿ.

ಮ್ಯಾನೇಜ್ಡ್ ಸ್ವಿಚ್ ಇದ್ದಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದರೆ ಈ ಕಾಟಕ್ಕೆ ಬಾಗಿಲೇ ಮುಚ್ಚುತ್ತದೆ. ಅಸಲಿ ಸರ್ವರ್ ಇರುವ ಕಡೆಯ ಪೋರ್ಟ್ ಟ್ರಸ್ಟೆಡ್. ಉಳಿದವುಗಳಿಂದ ಬರುವ ಆಫರ್‌ಗಳನ್ನು ಸ್ವಿಚ್ ಬಿಸಾಡುತ್ತದೆ. ಟ್ರಸ್ಟ್ ಗುರುತು ಹಾಕುವ ಮೊದಲೇ ಸ್ನೂಪಿಂಗ್ ಚಾಲೂ ಮಾಡಿದರೆ ಮಾತ್ರ ಅಸಲಿ ಉತ್ತರಗಳೂ ಕಸದ ಬುಟ್ಟಿಗೆ. ಸಿಸ್ಕೋದಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಸ್ನೂಪಿಂಗ್ ಮಾಡುವ ಸ್ವಿಚ್ ಪ್ಯಾಕೆಟ್‌ಗೆ ಆಪ್ಷನ್ 82 (ಕೂಗು ಯಾವ ಪೋರ್ಟ್‌ನಿಂದ ಬಂತು ಎಂಬ ಚೀಟಿ) ಅಂಟಿಸುತ್ತದೆ, ಅದನ್ನು ಕಂಡು ಸಿಸ್ಕೋ ರೌಟರ್ ಸರ್ವರ್ ಪ್ಯಾಕೆಟ್ ಅನ್ನೇ ತಿರಸ್ಕರಿಸಬಹುದು. ಸ್ವಿಚ್‌ನಲ್ಲಿ ಆ ಅಂಟಿಸುವಿಕೆ ಆಫ್ ಮಾಡಿದರೆ ದಾರಿ ಸರಿಹೋಗುತ್ತದೆ.

ವಿಳಾಸದ ಜಗಳ

ಪೂಲ್‌ನೊಳಗೆ ಸ್ಟ್ಯಾಟಿಕ್ ಐಪಿ ನುಸುಳಿದ್ದರೆ ಅನೇಕ ಸರ್ವರ್‌ಗಳು ಕೊಡುವ ಮೊದಲು ಪಿಂಗ್ ಮಾಡಿ ನೋಡುತ್ತವೆ. ಸಿಸ್ಕೋ ಎರಡು ಸಲ ಪಿಂಗ್ ಮಾಡುತ್ತದೆ. ಉತ್ತರ ಬಂದರೆ ಆ ವಿಳಾಸ ಕಾನ್‌ಫ್ಲಿಕ್ಟ್ ಪಟ್ಟಿಗೆ ಸೇರಿ, ನೀವು ತೆಗೆಯುವವರೆಗೆ ಅಲ್ಲೇ ಕೊಳೆಯುತ್ತದೆ. ಆದರೆ ಆ ಹೊತ್ತಿಗೆ ಪ್ರಿಂಟರ್ ಆಫ್ ಆಗಿದ್ದರೆ ಪಿಂಗ್‌ಗೆ ಉತ್ತರವೇ ಬರುವುದಿಲ್ಲ, ವಿಳಾಸ ಬೇರೆಯವರ ಪಾಲು. ಬೆಳಗ್ಗೆ ಪ್ರಿಂಟರ್ ಎದ್ದಾಗ ಜಗಳ. ಬೆಳಗಿನ ಹೊತ್ತು ಮಾತ್ರ ಬರುವ ದೂರು ಎಂದರೆ ಮೊದಲು ಇದನ್ನೇ ಶಂಕಿಸಿ.

ವಿಎಲ್ಯಾನ್‌ಗಳಿದ್ದರೆ, ಅಂದರೆ ಒಂದೇ ನೆಟ್‌ವರ್ಕ್ ಅನ್ನು ಹಲವಾಗಿ ಬೇರ್ಪಡಿಸಿದ್ದರೆ, ಒಂದೊಂದಕ್ಕೂ ಒಂದೊಂದು ಪೂಲ್ ಬೇಕು. ಸರ್ವರ್ ಒಂದೇ ಕಡೆ ಇದ್ದರೆ, ಕೂಗು ರೌಟರ್ ದಾಟುವುದಿಲ್ಲ ಎಂದೆವಲ್ಲ, ಪ್ರತಿ ವಿಎಲ್ಯಾನ್‌ನ ಗೇಟ್‌ವೇಯಲ್ಲಿ ರಿಲೇ ಬೇಕು. ಸಿಸ್ಕೋದಲ್ಲಿ ಇದರ ಹೆಸರು ಹೆಲ್ಪರ್ ಅಡ್ರೆಸ್. ರಿಲೇ ಆ ಕೂಗನ್ನು ಹಿಡಿದು, ತನ್ನ ಆ ಬದಿಯ ವಿಳಾಸ ಬರೆದು, ಸರ್ವರ್‌ಗೆ ನೇರ ಮುಟ್ಟಿಸುತ್ತದೆ. ಸರ್ವರ್ ಆ ವಿಳಾಸ ನೋಡಿಯೇ ಯಾವ ಪೂಲ್‌ನಿಂದ ಕೊಡಬೇಕೆಂದು ತೀರ್ಮಾನಿಸುತ್ತದೆ. ಹಾಗಾಗಿ ಸರ್ವರ್‌ನಿಂದ ಆ ಗೇಟ್‌ವೇಗೆ ವಾಪಸ್ ಹೋಗುವ ರೌಟ್ ಇಲ್ಲದಿದ್ದರೆ ಲಾಗ್‌ನಲ್ಲಿ ಆಫರ್ ಹೋದಂತೆ ಕಾಣುತ್ತದೆ, ಸಾಧನಕ್ಕೆ ಮಾತ್ರ ಏನೂ ಮುಟ್ಟುವುದಿಲ್ಲ.

ಐಪಿಯ ಹೊಸ ಆವೃತ್ತಿಯಾದ ಐಪಿವಿ6ರದು ಬೇರೆಯದೇ ಹಾದಿ. ಅಲ್ಲಿ ಡಿಎಚ್‌ಸಿಪಿವಿ6 ಒಂದನ್ನೇ ನೆಚ್ಚಿಕೊಳ್ಳಬೇಡಿ: ಗೇಟ್‌ವೇ ಯಾವುದೆಂದು ಅದು ಹೇಳುವುದೇ ಇಲ್ಲ, ಆ ಕೆಲಸ ರೌಟರ್ ತಾನೇ ಸಾರುವ ರೌಟರ್ ಅಡ್ವರ್ಟೈಸ್‌ಮೆಂಟ್‌ನದು. ಆಂಡ್ರಾಯ್ಡ್ ಫೋನ್‌ಗಳನ್ನೂ ಲೆಕ್ಕಕ್ಕಿಟ್ಟುಕೊಂಡು ಸ್ಲ್ಯಾಕ್ (ಸಾಧನ ತನ್ನ ವಿಳಾಸವನ್ನು ತಾನೇ ಕಟ್ಟಿಕೊಳ್ಳುವ ಕ್ರಮ) ಚಾಲೂ ಇಡಿ.